ಕಿವಿರು ಬಿಳಚಿದರೆ ಮೀನಿಗೆ ಕಬ್ಬಿಣ ಹಾಕಬೇಕಾ?

ಮೊದಲು ಬೀಸುಬಲೆ ಎಸೆದು ನಾಲ್ಕೈದು ಮೀನು ಹಿಡಿಯಿರಿ. ಬೆಳಗಿನ ತಂಪಿನಲ್ಲೇ ಮಾಡಿ. ಕೈ ಒದ್ದೆ ಮಾಡಿಕೊಂಡು ಕಿವಿರಿನ ಮುಚ್ಚಳ ಎತ್ತಿ ನೋಡಿ. ಚೆನ್ನಾಗಿರುವ ಮೀನಿನ ಕಿವಿರು ಕೆಂಪಗಿರುತ್ತದೆ. ಬಿಳಚಿದ್ದರೆ ರಕ್ತ ಕಡಿಮೆ ಆಗಿರಬಹುದು. ಆದರೆ ಅದಕ್ಕೆ ಕಬ್ಬಿಣದ ಕೊರತೆಯೇ ಕಾರಣ ಅಂತ ಹೇಳಲು ಬರುವುದಿಲ್ಲ. ಮೈಮೇಲೆ ಚಪ್ಪಟೆ ಮೀನು ಹೇನು ಅಂಟಿಕೊಂಡಿದೆಯಾ ನೋಡಿ, ಅದು ರಕ್ತ ಹೀರುತ್ತದೆ. ಕಿವಿರು ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ ನೀರಿನಲ್ಲಿ ನೈಟ್ರೈಟ್ ಜಾಸ್ತಿ ಇರಬಹುದು. ಎರಡಕ್ಕೂ ಕಬ್ಬಿಣ ಮದ್ದಲ್ಲ.

ಅಂಗಡಿಯ ತೇಲುವ ಫೀಡ್ ಹಾಕುವವರು ಇಲ್ಲಿಗೇ ನಿಲ್ಲಿಸಬಹುದು. ಒಳ್ಳೆ ಫೀಡಿನಲ್ಲಿ ಖನಿಜಾಂಶ ಸೇರಿಸಿಯೇ ಕೊಟ್ಟಿರುತ್ತಾರೆ.

ತೊಡಕು ನಮ್ಮಂಥವರದು. ಹಾನಗಲ್ ಹತ್ತಿರ ನಮ್ಮ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಗೆಂಡೆ (ಕಾಮನ್ ಕಾರ್ಪ್) ಮೀನುಗಳಿವೆ. ಶೇಂಗಾ ಹಿಂಡಿ, ಅಕ್ಕಿ ತೌಡು ಸೇರಿಸಿ ಆಹಾರ ನಾನೇ ಕಲಸುತ್ತೇನೆ. ಗೆಂಡೆಗೆ ಒಂದು ಕೆಜಿ ಆಹಾರದಲ್ಲಿ ಸುಮಾರು 150 ಮಿಲಿಗ್ರಾಂ ಕಬ್ಬಿಣ ಬೇಕು. ಹಿಂಡಿ, ತೌಡಿನಲ್ಲೂ ಕಬ್ಬಿಣ ಇದೆ. ಆದರೆ ಅವುಗಳಲ್ಲೇ ಇರುವ ಫೈಟಿಕ್ ಆಮ್ಲ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೀನಿಗೆ ಪೂರ್ತಿ ದಕ್ಕುವುದಿಲ್ಲ. ಅದಕ್ಕೇ ನಾನು ಮೊದಲು ಹೇಳುವುದು ಮೀನು ಪುಡಿ. ಉಪ್ಪು ಹಾಕದ ಒಣಮೀನಿನ ಪುಡಿ 100 ಕೆಜಿಗೆ 10 ಕೆಜಿ ಸೇರಿಸಿ. ದುಬಾರಿ, ನಿಜ. ಆದರೆ ಕಬ್ಬಿಣದ ಜೊತೆ ಪ್ರೋಟೀನೂ ಸಿಗುತ್ತದೆ.

ಅದು ಸಿಗದಿದ್ದರೆ ಫೆರಸ್ ಸಲ್ಫೇಟ್. ಶೇಂಗಾ ಎಲೆ ಹಳದಿ ಆದಾಗ ಸಿಂಪಡಿಸುತ್ತೇವಲ್ಲ, ಅದೇ ಹಸಿರು ಹರಳು. ಹಾಗಂತ ಗೊಬ್ಬರದ ಅಂಗಡಿಯದನ್ನು ತರಬೇಡಿ, ಬೇರೆ ಲೋಹ ಬೆರೆತಿರಬಹುದು. ಪಶು ಆಹಾರಕ್ಕೆ ಅಂತಲೇ ಮಾರುವುದನ್ನು ಕೇಳಿ ತನ್ನಿ. ಹರಳಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಕಬ್ಬಿಣ. 100 ಕೆಜಿ ಆಹಾರಕ್ಕೆ ನಾನು 30 ಗ್ರಾಂ ಹಾಕುತ್ತೇನೆ. ಕೆಜಿಗೆ 60 ಮಿಲಿಗ್ರಾಂ ಕಬ್ಬಿಣ ಹೆಚ್ಚಿಗೆ ಸಿಕ್ಕ ಹಾಗಾಯಿತು. ಉಳಿದದ್ದು ಹಿಂಡಿ, ತೌಡಿನಿಂದ ಬರಲಿ. ಹರಳು ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಳಿಗೆ ಕೆಟ್ಟಿದೆ ಅಂತ ಅರ್ಥ, ಬಳಸಬೇಡಿ.

ಈ 30 ಗ್ರಾಂ ನೇರವಾಗಿ ರಾಶಿಯ ಮೇಲೆ ಎರಚಿದರೆ ಒಂದು ಮೀನಿಗೆ ವಿಷ, ಇನ್ನೊಂದಕ್ಕೆ ಏನೂ ಇಲ್ಲ. ಸಣ್ಣ ತಕ್ಕಡಿಯಲ್ಲಿ ತೂಗಿ, ನುಣ್ಣಗೆ ಪುಡಿ ಮಾಡಿ. ಅರ್ಧ ಕೆಜಿ ತೌಡಿಗೆ ಕಲಸಿ. ಅದನ್ನು ಐದು ಕೆಜಿಗೆ, ಆಮೇಲೆ ಪೂರ್ತಿ ರಾಶಿಗೆ. ಸ್ವಲ್ಪ ಸ್ವಲ್ಪವೇ ಮಾಡಿ ಬೇಗ ಖಾಲಿ ಮಾಡಿ. ಕಬ್ಬಿಣ ಸೇರಿದ ತೌಡಿನ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ವಿಟಮಿನ್ ಸಿ ಕೂಡ ಹಾಳಾಗುತ್ತದೆ.

ಪಕ್ಕದ ಹೊಲದ ಹುಡುಗ ಕೇಳಿದ: "ಕಾಕಾ, ಅವ್ವನ ಐರನ್ ಗುಳಿಗಿ ಅರದು ಹಾಕಲೇನು?" ಬೇಡಪ್ಪ ಅಂದೆ. ಗುಳಿಗೆ ಲೆಕ್ಕದಲ್ಲಿ ಅಳತೆ ತಪ್ಪುವುದು ಸುಲಭ. ಜಾಸ್ತಿ ಆದ ಕಬ್ಬಿಣ ಮೀನಿನ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಬೆಳವಣಿಗೆಯೂ ಕುಂಠಿತ.

ಅವನ ಮೀನಿಗೆ ಮೈಮೇಲೆ ಕೆಂಪು ಹುಣ್ಣೂ ಇತ್ತು. ಆಗಂತೂ ಕಬ್ಬಿಣ ಮುಟ್ಟಲೇಬಾರದು. ಇಂಥ ಹುಣ್ಣು ತರುವ ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು. ಸೋಂಕು ತಗುಲಿದಾಗ ಮೀನಿನ ಮೈ ತನ್ನ ಕಬ್ಬಿಣವನ್ನು ಅವುಗಳ ಕೈಗೆ ಸಿಗದಂತೆ ಬಚ್ಚಿಡುತ್ತದೆ. ನಾವು ಮೇಲಿಂದ ಸುರಿದರೆ ರೋಗಕ್ಕೇ ಊಟ ಬಡಿಸಿದಂತೆ. ಮೊದಲು ಹುಣ್ಣು ವಾಸಿಯಾಗಲಿ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದ್ದರೆ ಆಹಾರದಲ್ಲಿ ಬೇಡ ಅಲ್ವಾ ಅಂತ ಕೇಳುವವರಿದ್ದಾರೆ. ಆ ಲೆಕ್ಕ ಹಿಡಿಯಬೇಡಿ. ಬಕೆಟ್‌ನಲ್ಲಿ ಹಿಡಿದ ನೀರು ಸ್ವಲ್ಪ ಹೊತ್ತಿಗೆ ತುಕ್ಕು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕಬ್ಬಿಣ ಇದೆ. ಆ ತುಕ್ಕು ಕಿವಿರಿಗೆ ಮೆತ್ತಿ ಮೀನಿಗೆ ಉಸಿರು ಕಟ್ಟುತ್ತದೆ, ಮರಿಗಳಿಗಂತೂ ಇನ್ನೂ ಕಷ್ಟ. ನೀರನ್ನು ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿ, ತೊಟ್ಟಿಯಲ್ಲಿ ತಂಗಲು ಬಿಟ್ಟು, ತಿಳಿಯನ್ನಷ್ಟೇ ಹೊಂಡಕ್ಕೆ ಹರಿಸಿ.

ಕಿವಿರು ಎರಡು ದಿನಕ್ಕೆ ಕೆಂಪಾಗುವುದಿಲ್ಲ, ವಾರಗಳೇ ಬೇಕು. ಅಷ್ಟರಲ್ಲಿ ಅಳತೆ ಏರಿಸಬೇಡಿ. ಆಮೇಲೂ ಬಿಳಚಿಯೇ ಇದ್ದರೆ ಹಾವೇರಿ ಕಡೆಯವರು ಹನುಮನಮಟ್ಟಿ, ಗದಗಿನವರು ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಬಾಟಲಿಯಲ್ಲಿ ಹೊಂಡದ ನೀರನ್ನೂ ತೆಗೆದುಕೊಂಡು ಹೋಗಿ.