ಹಲ್ಲು ಹೋದ ಜಾಗ ಖಾಲಿ ಬಿಡಬೇಡಿ

ದವಡೆ ಹಲ್ಲು ಕೀಳಿಸಿ ಬಂದಿರಿ. ನೋವು ಹೋಯಿತು. 'ಒಳಗಿನ ಹಲ್ಲು ತಾನೇ, ಯಾರಿಗೆ ಕಾಣುತ್ತೆ' ಅಂತ ಸುಮ್ಮನಾದಿರಿ. ಮೊದಲ ಕೆಲವು ವಾರ ನಾಲಗೆ ಮತ್ತೆ ಮತ್ತೆ ಆ ಗುಂಡಿಯನ್ನು ತಡವುತ್ತದೆ. ಆಮೇಲೆ ಅದಕ್ಕೂ ಅಭ್ಯಾಸವಾಗಿಬಿಡುತ್ತದೆ. ತೊಂದರೆ ಶುರುವಾಗುವುದು ಆಗಲೇ, ಅದೂ ನೋವೇ ಇಲ್ಲದೆ.

ಹಲ್ಲುಗಳು ಒಂದಕ್ಕೊಂದು ಆನಿಕೊಂಡು ನಿಂತಿರುತ್ತವೆ. ನಡುವೆ ಒಂದು ಹೋದರೆ ಪಕ್ಕದ್ದು ಮೆಲ್ಲಗೆ ಆ ಕಡೆ ವಾಲುತ್ತದೆ. ಎದುರು ದವಡೆಯ ಹಲ್ಲಿಗೂ ತಡೆಯಿಲ್ಲ. ಮೇಲಿನದಾದರೆ ಕೆಳಗೆ ಇಳಿಯುತ್ತಾ ಬರುತ್ತದೆ, ಬೇರಿನ ಭಾಗ ಹೊರಗೆ ಕಾಣುತ್ತದೆ, ತಣ್ಣೀರು ತಾಗಿದರೆ ಜುಂ ಅನ್ನುತ್ತದೆ. ವಾಲಿದ ಸಂದಿಗೆ ಬ್ರಷ್ ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಹುಳುಕು, ಒಸಡಿನ ಊತ. ಹೀಗೆ ಒಂದು ಹಲ್ಲಿನ ನಷ್ಟ ಮೂರು ಹಲ್ಲಿಗೆ ಹಬ್ಬುತ್ತದೆ.

ಇನ್ನೊಂದು ತೊಂದರೆ ಮೂಳೆಯದು. ಅಗಿಯುವ ಒತ್ತಡ ಬೇರಿನ ಮೂಲಕ ದವಡೆಗೆ ಹೋಗುತ್ತಿದ್ದರೆ ಮೂಳೆ ಗಟ್ಟಿಯಾಗಿರುತ್ತದೆ. ಬೇರು ಹೋದರೆ ಅದು ಕರಗುತ್ತದೆ. ಮೊದಲ ವರ್ಷದಲ್ಲೇ ಆ ಜಾಗದ ಮೂಳೆಯ ಅಗಲ ಸುಮಾರು ಅರ್ಧಕ್ಕೆ ಇಳಿಯಬಹುದು, ಅದರಲ್ಲಿ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲಿ. ಹಲವು ಹಲ್ಲು ಹೋದವರ ಕೆನ್ನೆ ಗುಳಿ ಬೀಳುವುದು, ತುಟಿ ಒಳಗೆ ಮಡಚಿಕೊಳ್ಳುವುದು ಇದರಿಂದಲೇ. ವಯಸ್ಸಿಗಿಂತ ಮುಂಚೆ ಮುಖ ಮುದಿಯಾಗಿ ಕಾಣುತ್ತದೆ.

ಮಾತೂ ಕೆಡುತ್ತದೆ. ಕನ್ನಡಿ ಮುಂದೆ 'ನಂದನ' ಅಂತ ನಿಧಾನವಾಗಿ ಹೇಳಿ ನೋಡಿ. ನಾಲಗೆಯ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ತಾಗುತ್ತದೆ ಅಲ್ವಾ? ತ, ಥ, ದ, ಧ, ನ ಅಕ್ಷರಗಳಿಗೆ ವ್ಯಾಕರಣದಲ್ಲಿ ದಂತ್ಯ ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ. ಮುಂದಿನ ಹಲ್ಲು ಹೋದವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಕ್ರಮೇಣ ಮಾತೇ ಕಡಿಮೆ ಮಾಡುತ್ತಾರೆ. ಇದನ್ನು ಬರೀ ಅಂದದ ಚಿಂತೆ ಅಂತ ತಳ್ಳಿಹಾಕುವುದು ತಪ್ಪು.

ಹಾಗಾದರೆ ಏನು ಮಾಡಬೇಕು?

ಹೆಜ್ಜೆ 1: ಕೀಳಿಸುವ ಮೊದಲೇ 'ಈ ಜಾಗಕ್ಕೆ ಮುಂದೆ ಏನು?' ಅಂತ ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧಿ, ಸಿಗರೇಟು ಅಭ್ಯಾಸ ಯಾವುದನ್ನೂ ಮುಚ್ಚಿಡಬೇಡಿ. ಬುದ್ಧಿ ಹಲ್ಲು ಹೋದರೆ ಸಾಮಾನ್ಯವಾಗಿ ಮತ್ತೆ ಕಟ್ಟಿಸಬೇಕಿಲ್ಲ.

ಹೆಜ್ಜೆ 2: ಕೀಳಿಸಿದ ಮೊದಲ 24 ಗಂಟೆ ಜೋರಾಗಿ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಬಳಸಬೇಡಿ. ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಿತ್ತುಬಂದರೆ ವಿಪರೀತ ನೋವು. ಸಿಗರೇಟನ್ನಂತೂ ಹಲವು ದಿನ ಮುಟ್ಟಬೇಡಿ.

ಹೆಜ್ಜೆ 3: ಗಾಯ ಮಾಗುತ್ತಿದ್ದಂತೆ ದಾರಿ ಆರಿಸಿಕೊಳ್ಳಿ. ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟಿಸಿದ ಹಲ್ಲಿನ ಸೆಟ್ಟು ಬೇಗ ಸಿದ್ಧವಾಗುತ್ತದೆ, ಆದರೆ ಮೂಳೆ ಕರಗುವುದನ್ನು ತಡೆಯುವುದಿಲ್ಲ. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಅಂಟಿಸಿ ಕೂರಿಸುವ ಕಟ್ಟಿಸಿದ ಹಲ್ಲು. ಅದು ಬಾಯಲ್ಲೇ ಇರುತ್ತದೆ, ಆದರೆ ಅದಕ್ಕಾಗಿ ಅಕ್ಕಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕು. ಆ ಹಲ್ಲುಗಳು ಗಟ್ಟಿಮುಟ್ಟಾಗಿದ್ದರೆ ಎರಡು ಸಲ ಯೋಚಿಸಿ.

ಇಂಪ್ಲಾಂಟ್ ಅಂದರೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ಮೂಳೆ ಟೈಟಾನಿಯಂಗೆ ಬಿಗಿಯಾಗಿ ಬೆಸೆದುಕೊಳ್ಳುತ್ತದೆ ಅನ್ನುವುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಕಾಲಿನ ಮೂಳೆ ಪರೀಕ್ಷಿಸುವಾಗ ಕಂಡುಕೊಂಡರು. 1965ರಲ್ಲಿ ಮನುಷ್ಯನ ದವಡೆಗೆ ಕೂರಿಸಿದರು. ಆ ಬೆಸುಗೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ನಂತರವೇ ಮೇಲೆ ಹಲ್ಲಿನ ಕ್ಯಾಪ್. ಪಕ್ಕದ ಹಲ್ಲು ಮುಟ್ಟದೆ, ಮೂಳೆಗೆ ಮತ್ತೆ ಕೆಲಸ ಕೊಡುವ ದಾರಿ ಇದು. ಮೂಳೆ, ಒಸಡು, ಖರ್ಚು ಮೂರೂ ಒದಗಿಬಂದರೆ ನಾನು ಇದನ್ನೇ ಮೊದಲಿಗೆ ಹೇಳುತ್ತೇನೆ.

ಹೆಜ್ಜೆ 4: ಸೆಟ್ಟನ್ನು ರಾತ್ರಿ ತೆಗೆದು ನೀರಲ್ಲಿಡಿ. ಬಿಸಿ ನೀರು ಬೇಡ, ಆಕಾರ ಕೆಡುತ್ತದೆ. ಬ್ರಿಡ್ಜ್ ಕೆಳಗೆ ದಾರ ತೂರಿಸಿ ಕಸ ತೆಗೆಯಿರಿ. ಇಂಪ್ಲಾಂಟಿಗೆ ಹುಳುಕು ಹಿಡಿಯದು, ಆದರೆ ಸುತ್ತಲಿನ ಒಸಡು ಕೆಟ್ಟರೆ ಅದೂ ಸಡಿಲವಾಗುತ್ತದೆ. ಸೆಟ್ಟು ಒಸಡಿಗೆ ಒತ್ತಿ ನೋವಾದರೆ ಮನೆಯಲ್ಲಿ ನೀವೇ ಅದನ್ನು ಉಜ್ಜಿ ಸಣ್ಣ ಮಾಡಬೇಡಿ, ತೆಗೆದುಕೊಂಡು ಹೋಗಿ ತೋರಿಸಿ.

ಹಲ್ಲು ಹೋಗಿ ವರ್ಷಗಳೇ ಆಗಿದ್ದರೂ ಕೈಬಿಡಬೇಕಿಲ್ಲ. ವಾಲಿದ ಹಲ್ಲನ್ನು ತಂತಿ ಹಾಕಿ ನೆಟ್ಟಗೆ ಮಾಡಬಹುದು, ಕರಗಿದ ಮೂಳೆಗೆ ಕಸಿ ಮಾಡಬಹುದು. ಸಮಯ ಜಾಸ್ತಿ ಹಿಡಿಯುತ್ತದೆ ಅಷ್ಟೆ. ಒಂದು ಎಕ್ಸ್‌ರೇ ತೆಗೆಸಿ, ಉಳಿದಿರುವ ಮೂಳೆ ಎಷ್ಟು ಅಂತ ಕೇಳಿ.