ಮಂಡಿಗೊಂದು ಪ್ರತ್ಯೇಕ ಇನ್‌ಸ್ಟೆನ್ಸ್: ನನ್ನ ಅನುಭವ

ಅಡಿಕೆ ಮಂಡಿಗಳ ಲೆಕ್ಕಪತ್ರಕ್ಕಾಗಿ ನಾವು ಬರೆದ ತಂತ್ರಾಂಶವನ್ನು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಸುಮಾರು 60 ಮಂಡಿಗಳು ಬಳಸುತ್ತಿದ್ದು, ಪ್ರತಿ ಮಂಡಿಗೂ ಅದರದೇ ಕಂಟೇನರ್ (ತಂತ್ರಾಂಶ ಇತರರಿಂದ ಬೇರೆಯಾಗಿ ಓಡುವ ಪೆಟ್ಟಿಗೆ), ಅದರದೇ ಡೇಟಾಬೇಸ್ ಇದೆ. ಎಲ್ಲರನ್ನೂ ಒಂದೇ ಡೇಟಾಬೇಸಿನಲ್ಲಿಟ್ಟು ಟೇಬಲ್ಲುಗಳಿಗೆ ಟೆನೆಂಟ್ ಐಡಿ (ಸಾಲು ಯಾವ ಗ್ರಾಹಕರದೆಂದು ಹೇಳುವ ಗುರುತು) ಸೇರಿಸಿದರೆ ಸಾಕು, ಇಲ್ಲವಾದರೆ ಸರ್ವರ್ ಬಾಡಿಗೆ ಕಟ್ಟಿಯೇ ಮುಳುಗುತ್ತೀರಿ ಎಂದು ಬೆಂಗಳೂರಿನ ಸ್ನೇಹಿತರು ಎಚ್ಚರಿಸಿದ್ದರು. ಹಲವು ಹಂಗಾಮುಗಳು ಕಳೆದ ಮೇಲೂ ನಾವು ಲಾಭದಲ್ಲೇ ಇದ್ದೇವೆ.

ಈ ಹಟಕ್ಕೆ ಕಾರಣ ಮಂಡಿ ಮಾಲೀಕರೇ. ಯಾವ ಬೆಳೆಗಾರನಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ ಎಂಬುದು ಅವರ ವ್ಯಾಪಾರದ ಗುಟ್ಟು. ಅದು ಪಕ್ಕದ ಮಂಡಿಯವರ ಲೆಕ್ಕದ ಜೊತೆ ಒಂದೇ ಕಡೆ ಕೂರುತ್ತದೆ ಎಂದು ತಿಳಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ನಾವು ಬಳಸುವ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ರೋ ಲೆವೆಲ್ ಸೆಕ್ಯುರಿಟಿಯನ್ನು, ಅಂದರೆ ಒಬ್ಬರ ಸಾಲು ಇನ್ನೊಬ್ಬರಿಗೆ ಕಾಣದಂತೆ ತಡೆಯುವ ಸೌಲಭ್ಯವನ್ನು, ಗದ್ದಿಗೆಯ ಮೇಲೆ ಕೂತವರಿಗೆ ತೋರಿಸಿ ನಂಬಿಸಲಾಗದು. ಅವರ ಡೇಟಾಬೇಸಿನ ಡಂಪನ್ನು (ಪೂರ್ತಿ ನಕಲನ್ನು) ಪೆನ್‌ಡ್ರೈವಿಗೆ ಹಾಕಿ ಕೈಗೆ ಕೊಟ್ಟರೆ ನಂಬುತ್ತಾರೆ.

ಮೊದಲು ಗ್ರಾಹಕರಿಗೆ ಒಂದೊಂದು ವರ್ಚುವಲ್ ಮಷಿನ್ (ಬಾಡಿಗೆ ಸರ್ವರಿನೊಳಗಿನ ಪ್ರತ್ಯೇಕ ಕಂಪ್ಯೂಟರು) ಕೊಟ್ಟು ನೋಡಿದೆವು. ಒಂದಕ್ಕೆ ತಿಂಗಳಿಗೆ 600 ರೂಪಾಯಿಯ ಆಸುಪಾಸು ಬಾಡಿಗೆ, ನಮಗೆ ಬರುತ್ತಿದ್ದದ್ದು 1,200. ಬ್ಯಾಕಪ್ಪು, ಓಡಾಟದ ಪೆಟ್ರೋಲು ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಆಮೇಲೆ 16 ಜಿಬಿ ಮೆಮೊರಿಯ ಒಂದೇ ಮಷಿನ್‌ನಲ್ಲಿ ಮಂಡಿಗೊಂದು ಕಂಪೋಸ್ ಸ್ಟ್ಯಾಕ್ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪು), ಅದರೊಳಗೇ ಒಂದು ಪೋಸ್ಟ್‌ಗ್ರೆಸ್ ಎಂದು ಕಟ್ಟುತ್ತಾ ಹೋದಾಗ, 30ರ ಸುಮಾರಿಗೆ, ಪ್ರತಿ ಸ್ಟ್ಯಾಕ್‌ಗೂ ಬೇಕಾಗುವ ಹೊಸ ನೆಟ್‌ವರ್ಕ್ ಸೃಷ್ಟಿಯಾಗುವುದೇ ನಿಂತಿತು. ಕಂಟೇನರ್‌ಗಳನ್ನು ಓಡಿಸುವ ತಂತ್ರಾಂಶವಾದ ಡಾಕರ್ ತನ್ನ ಮೂಲ ಸಂಯೋಜನೆಯಲ್ಲಿ ಪ್ರತಿ ನೆಟ್‌ವರ್ಕಿಗೂ ದೊಡ್ಡ ದೊಡ್ಡ ವಿಳಾಸ ಶ್ರೇಣಿಗಳನ್ನು ಹಂಚುವುದರಿಂದ ಅವು ಅಷ್ಟಕ್ಕೇ ಮುಗಿಯುತ್ತವೆ. ಡಾಕರ್‌ನ ಸಂಯೋಜನೆ ಇರುವ ಡೀಮನ್ ಕಡತದಲ್ಲಿ ಅಡ್ರೆಸ್ ಪೂಲನ್ನು /24ರ (256 ವಿಳಾಸಗಳ) ಸಣ್ಣ ತುಂಡುಗಳಾಗಿ ಬರೆದ ಮೇಲೆ ಅದು ಸರಿಹೋಯಿತು, ಆದರೆ ಅಷ್ಟೊಂದು ಪೋಸ್ಟ್‌ಗ್ರೆಸ್‌ಗಳು ತಿನ್ನುವ ಮೆಮೊರಿಗೆ ಯಾವ ಕಡತದಲ್ಲೂ ಪರಿಹಾರವಿರಲಿಲ್ಲ.

ಕೊನೆಗೆ ನಿಂತದ್ದು ಈ ಏರ್ಪಾಡು: ಪೋಸ್ಟ್‌ಗ್ರೆಸ್ ಒಂದೇ, ಅದರಲ್ಲಿ ಮಂಡಿಗೊಂದು ಡೇಟಾಬೇಸ್, ಮಂಡಿಗೊಂದು ರೋಲ್ (ಬಳಕೆದಾರ ಖಾತೆ), ಮತ್ತು ಪಬ್ಲಿಕ್‌ಗೆ, ಅಂದರೆ ಎಲ್ಲ ಖಾತೆಗಳಿಗೂ, ತಾನಾಗಿ ಸಿಗುವ ಕನೆಕ್ಟ್ ಅನುಮತಿ ಎಲ್ಲ ಕಡೆಯೂ ರದ್ದು. ನಡುವೆ, ಕೆಲವೇ ಸಂಪರ್ಕಗಳನ್ನು ತೆರೆದಿಟ್ಟು ಹಂಚಿಕೊಡುವ ಪಿಜಿಬೌನ್ಸರ್ ಕೂರಿಸಿದ್ದೇವೆ. ಅದರ ಪೂಲ್ (ತೆರೆದಿಟ್ಟ ಸಂಪರ್ಕಗಳ ಗುಂಪು) ಪ್ರತಿ ಬಳಕೆದಾರ ಮತ್ತು ಡೇಟಾಬೇಸ್ ಜೋಡಿಗೆ ಬೇರೆಯಾಗಿರುತ್ತದೆ ಎಂಬುದು ಇಲ್ಲಿ ಮುಖ್ಯ; ಮೂಲ ಗಾತ್ರವಾದ 20ನ್ನು ಹಾಗೆಯೇ ಬಿಟ್ಟರೆ ಹಂಗಾಮಿನ ಮೊದಲ ಸೋಮವಾರವೇ ಪೋಸ್ಟ್‌ಗ್ರೆಸ್‌ನ 100 ಸಂಪರ್ಕಗಳ ಮಿತಿ ತುಂಬಿಹೋಗುತ್ತದೆ. ನಾವು 3ಕ್ಕೆ ಇಳಿಸಿ, ಆ ಮಿತಿಯನ್ನೂ ಒಂದಿಷ್ಟು ಏರಿಸಿದ್ದೇವೆ. ಪಿಜಿಬೌನ್ಸರ್‌ನ ಟ್ರಾನ್ಸಾಕ್ಷನ್ ಮೋಡ್ (ಒಂದು ವಹಿವಾಟು ಮುಗಿದೊಡನೆ ಸಂಪರ್ಕವನ್ನು ಬೇರೆಯವರಿಗೆ ಕೊಡುವ ಬಗೆ) ಬಳಸುವವರು, ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟಾದ ಜ್ಯಾಂಗೋದ ಸರ್ವರ್ ಸೈಡ್ ಕರ್ಸರ್‌ಗಳನ್ನು (ದೊಡ್ಡ ಫಲಿತಾಂಶವನ್ನು ಕಂತುಕಂತಾಗಿ ತರುವ ಏರ್ಪಾಡು) ಬಂದ್ ಮಾಡಲೇಬೇಕು, ಇಲ್ಲವಾದರೆ ದೊಡ್ಡ ವರದಿಗಳು ಅರ್ಧದಲ್ಲೇ ಸಾಯುತ್ತವೆ.

ಒಂದು ಕಂಟೇನರ್ ಸುಮಾರು 180 ಎಂಬಿ ತಿನ್ನುತ್ತದೆ. ಮಳೆಗಾಲದಲ್ಲಿ ವ್ಯಾಪಾರ ತೆಳುವಾಗುವುದರಿಂದ ಸುಮ್ಮನಿರುವ ಕಂಟೇನರ್‌ಗಳನ್ನು ಮಲಗಿಸಿ, ಮೊದಲ ಕೋರಿಕೆ ಬಂದಾಗ ಎಬ್ಬಿಸುತ್ತೇವೆ. ಆರೇಳು ಸೆಕೆಂಡು ಹಿಡಿಯುತ್ತದೆ. ಯಾವ ಮಂಡಿ ಬೆಳಿಗ್ಗೆ ಯಾವ ಹೊತ್ತಿಗೆ ಬಾಗಿಲು ತೆರೆಯುತ್ತದೆಂದು ಮೊದಲೇ ಊಹಿಸಿ ಎಬ್ಬಿಸುವ ಒಂದು ಉಪಾಯವೂ ನಮ್ಮಲ್ಲಿದೆ, ಅದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಆಗುಂಬೆ ಕಡೆಯ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದರಿಂದ, ಮಂಡಿಯಲ್ಲೇ ಒಂದು ಚಿಕ್ಕ ಪಿಸಿ ಇಟ್ಟು ಲಾಜಿಕಲ್ ರೆಪ್ಲಿಕೇಶನ್ (ಡೇಟಾಬೇಸಿನ ಬದಲಾವಣೆಗಳನ್ನು ಇನ್ನೊಂದಕ್ಕೆ ಕಳಿಸುತ್ತಲೇ ಇರುವ ವಿಧಾನ) ಮೂಲಕ ಪ್ರತಿ ಇಳಿಸುವ ಪ್ರಯೋಗವನ್ನೂ ನಡೆಸಿದೆವು. ಸಂಪರ್ಕ ದಿನಗಟ್ಟಲೆ ಕಡಿದಾಗ ಪ್ರತಿ ಎಲ್ಲಿಯವರೆಗೆ ತಲುಪಿದೆ ಎಂದು ನೆನಪಿಡುವ ರೆಪ್ಲಿಕೇಶನ್ ಸ್ಲಾಟ್ ತನಗಾಗಿ ವಾಲ್ ಕಡತಗಳನ್ನು (ಬದಲಾವಣೆಗಳ ದಾಖಲೆಯನ್ನು) ಹಿಡಿದಿಟ್ಟುಕೊಳ್ಳುತ್ತದೆ. ವಾಲ್ ಎಂಬುದು ಇಡೀ ಪೋಸ್ಟ್‌ಗ್ರೆಸ್‌ಗೆ ಸೇರಿದ್ದಾದ್ದರಿಂದ ತೀರ್ಥಹಳ್ಳಿಯ ಒಂದು ಮಂಡಿಯ ಮಳೆ ಎಲ್ಲರ ಡಿಸ್ಕನ್ನೂ ತುಂಬಿಸತೊಡಗಿತು. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕಬಹುದು, ಆದರೆ ಮಿತಿ ಮೀರಿದ ಸ್ಲಾಟ್ ಸತ್ತು, ಪ್ರತಿಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಆ ದಾರಿಯನ್ನು ಕೈಬಿಟ್ಟು, ತೂಕದ ಚೀಟಿಗಳನ್ನು ಬ್ರೌಸರಿನಲ್ಲೇ ಉಳಿಸಿಕೊಂಡು ಸಂಪರ್ಕ ಬಂದಾಗ ಕಳುಹಿಸುವಂತೆ ಮಾಡಿದೆವು.

ಬೇರೆ ಬೇರೆ ಡೇಟಾಬೇಸಿನ ಬೆಲೆ ತಿಳಿದದ್ದು ಸಾಗರದ ಒಂದು ಮಂಡಿಯಲ್ಲಿ. ಅಲ್ಲಿನ ಗುಮಾಸ್ತರು ಹಳೆಯ ಎಕ್ಸೆಲ್ ಕಡತವೊಂದನ್ನು ಏರಿಸಿದ್ದರಿಂದ ರೈತರ ಬಾಕಿಗಳೆಲ್ಲ ಹಿಂದಿನ ವರ್ಷದ್ದಾಗಿ ಬದಲಾಗಿದ್ದವು. ರಾತ್ರಿಯ ಡಂಪಿನಿಂದ ಅವರದೊಂದನ್ನೇ ಕಾಲು ಗಂಟೆಯಲ್ಲಿ ಹಿಂದಕ್ಕೆ ತಂದು, ಬೆಳಗಿನ ಚೀಟಿಗಳನ್ನು ಕೆಟ್ಟ ಪ್ರತಿಯಿಂದ ಆರಿಸಿ ಸೇರಿಸಿದೆವು. ಅಷ್ಟು ಹೊತ್ತೂ ಉಳಿದ ಮಂಡಿಗಳಲ್ಲಿ ತೂಕ ನಡೆದೇ ಇತ್ತು. ಎಲ್ಲರ ಸಾಲುಗಳೂ ಒಂದೇ ಟೇಬಲ್ಲಿನಲ್ಲಿ ಬೆರೆತಿದ್ದರೆ ಇದು ಒಂದು ರಾತ್ರಿಯ ಕೆಲಸ. ಡಂಪುಗಳೆಲ್ಲ ಎರಡು ಗಂಟೆಗೆ ಒಟ್ಟಿಗೆ ಶುರುವಾಗಿ ಡಿಸ್ಕ್ ಕಟ್ಟಿಹಾಕುತ್ತಿದ್ದದ್ದನ್ನು, ಮಂಡಿಯ ಹೆಸರಿನ ಹ್ಯಾಶ್‌ನಿಂದ (ಹೆಸರಿನಿಂದ ಲೆಕ್ಕಹಾಕಿ ಪಡೆದ ಸಂಖ್ಯೆಯಿಂದ) ನಿಮಿಷ ಆರಿಸಿ ರಾತ್ರಿಯುದ್ದಕ್ಕೂ ಹರಡಿದ್ದೇವೆ.

ಈಗ ಮುಖ್ಯ ಮಷಿನ್, ಡಂಪುಗಳನ್ನು ಇಳಿಸಿ ಪರೀಕ್ಷಿಸುವ ಇನ್ನೊಂದು, ಹೊರಗಿನ ಸಂಗ್ರಹ ಎಲ್ಲ ಸೇರಿ ತಿಂಗಳಿಗೆ 9,000 ರೂಪಾಯಿಯ ಒಳಗೆ ಮುಗಿಯುತ್ತದೆ. ಮಂಡಿಯೊಂದಕ್ಕೆ 150 ಎಂದುಕೊಳ್ಳಿ. ಸ್ಕೀಮಾ (ಟೇಬಲ್ಲುಗಳ ರಚನೆಯ) ಬದಲಾವಣೆಗಳನ್ನು ಆಷಾಢದಲ್ಲಿ ಮಾತ್ರ, ಮೊದಲು ನಮ್ಮನ್ನು ಚೆನ್ನಾಗಿ ಬಲ್ಲ ಒಂದೆರಡು ಮಂಡಿಗಳಲ್ಲಿ ನಡೆಸಿ, ಆಮೇಲೆ ಉಳಿದವರಿಗೆ ಹರಡುತ್ತೇವೆ. ಶಿರಸಿ ಕಡೆಯವರೂ ಈಗ ಕೇಳುತ್ತಿದ್ದಾರೆ. ನಮ್ಮ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಪಟ್ಟಿಗೆ ಬದಲಾಗಿ ಅವರಿಗೆ ಚಾಲಿ, ಬಿಳೆಗೊಟು, ಕೆಂಪುಗೊಟು ಬೇಕು. ಆ ಪಟ್ಟಿ ಅವರ ಡೇಟಾಬೇಸಿನಲ್ಲೇ ಇರುವುದರಿಂದ ಕೋಡಿನ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.