ಬನ್ನೇರುಘಟ್ಟ ಸಫಾರಿ: ಹುಲಿ, ಸಿಂಹ ಕಣ್ಣಿಗೆ ಬೀಳಬೇಕಾದರೆ

ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ. ಭಾನುವಾರ ತೆರೆದಿದ್ದರೂ ಬೇಡ, ಅರ್ಧ ದಿನ ಕ್ಯೂನಲ್ಲೇ ಕಳೆಯುತ್ತದೆ. ಬುಧವಾರ, ಗುರುವಾರ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ. ಮೆಜೆಸ್ಟಿಕ್‌ನಿಂದ 365ನೇ ನಂಬರಿನ ಬಿಎಂಟಿಸಿ ಬಸ್ಸಿದೆ. ದೂರ ಸುಮಾರು 22 ಕಿ.ಮೀ. ಅಷ್ಟೇ, ಆದರೆ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿಗೆ ಒಂದೂವರೆ ಗಂಟೆಯಾದರೂ ಎತ್ತಿಡಿ. ಬರೀ ಮೃಗಾಲಯದ ಟಿಕೆಟ್ ಬೇರೆ, ಸಫಾರಿ ಸೇರಿದ್ದು ಬೇರೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಮೊದಲು ಸಫಾರಿ, ಆಮೇಲೆ ಮೃಗಾಲಯ. ಬಿಸಿಲೇರಿದರೆ ಹುಲಿ ನೆರಳು, ನೀರಿನ ತೊಟ್ಟಿ ಬಿಟ್ಟು ಕದಲುವುದಿಲ್ಲ. ಸ್ವಂತ ಕಾರು ಒಳಗೆ ಬಿಡುವುದಿಲ್ಲ, ಉದ್ಯಾನದ ಬಸ್ಸು ಇಲ್ಲವೇ ಜೀಪೇ ಗತಿ. ನಡುವೆ ಇಳಿಯುವಂತಿಲ್ಲವಾದ್ದರಿಂದ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ದೇ ಹತ್ತಿಸಿ.

ಜಿಂಕೆ, ಕಡವೆ, ಕಾಟಿ ದಾಟಿದ ಮೇಲೆ ಕರಡಿ, ಸಿಂಹ, ಹುಲಿಗಳ ಆವರಣ. ಪ್ರತಿಯೊಂದಕ್ಕೂ ಜೋಡಿ ಗೇಟು: ಹಿಂದಿನದು ಮುಚ್ಚಿದ ಮೇಲೆಯೇ ಮುಂದಿನದು ತೆರೆಯುತ್ತದೆ. ಬಸ್ಸು ಅಲ್ಲಿ ನಿಂತರೆ ಕೆಟ್ಟಿತೆಂದು ಗಾಬರಿ ಬೇಡ. ಸಿಂಹಗಳು ದಾರಿಯ ಬದಿಯಲ್ಲೇ ಬಿದ್ದುಕೊಂಡಿರುವುದುಂಟು. ಹುಲಿಗೆ ಮಾತ್ರ ಕಣ್ಣು ಪಳಗಬೇಕು. ಇಡೀ ಪ್ರಾಣಿಯನ್ನು ಹುಡುಕಬೇಡಿ, ಪೊದೆಯ ಬುಡದಲ್ಲಿ ಅಲುಗುವ ಕಿವಿ, ಬಾಲದ ತುದಿ ನೋಡಿ. ಕಿವಿಯ ಹಿಂಬದಿಯ ಬಿಳಿ ಮಚ್ಚೆ ಎಲೆಗಳ ನಡುವೆ ಥಟ್ಟನೆ ಕಾಣುತ್ತದೆ.

ಫೋಟೊಗೆ ಫ್ಲ್ಯಾಶ್ ಆಫ್ ಮಾಡಿ, ಅದು ಪ್ರಾಣಿಗೂ ಹಿಂಸೆ, ಕಿಟಕಿಯ ಜಾಲರಿಗೆ ಬಡಿದು ಚಿತ್ರವನ್ನೂ ಬೆಳ್ಳಗಾಗಿಸುತ್ತದೆ. ಜಾಲರಿಯ ಒಳಗಡೆಯೇ ಇದ್ದು, ಲೆನ್ಸನ್ನು ಅದಕ್ಕೆ ಆದಷ್ಟು ಹತ್ತಿರ ತಂದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು ಜೂಮ್ ಮಾಡಿದರೆ ತಂತಿ ಮಸುಕಾಗಿ ಮಾಯವಾಗುತ್ತದೆ. ಪ್ರಾಣಿ ತೀರಾ ಹತ್ತಿರವಿದ್ದರೆ ಈ ಉಪಾಯ ನಡೆಯದು. ಬಸ್ಸಿನ ಎಂಜಿನ್ ನಡುಗುತ್ತಿರುತ್ತದೆ, ಶಟರ್ ವೇಗವನ್ನು 1/500 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಎಸಿ ಬಸ್ಸಿನ ಗಾಜಿನಲ್ಲಿ ನಿಮ್ಮ ಬಿಳಿ ಅಂಗಿಯೇ ಪ್ರತಿಫಲಿಸುತ್ತದೆ, ಗಾಢ ಬಣ್ಣದ್ದು ತೊಡಿ.

ಚಿರತೆ ಸಫಾರಿ ಶುರುವಾದದ್ದು 2024ರಲ್ಲಿ. ಸಿಂಹ, ಹುಲಿ ವಾಹನವನ್ನು ಲೆಕ್ಕಕ್ಕೇ ಇಡದಿರಬಹುದು, ಚಿರತೆ ಹಾಗಲ್ಲ, ಹತ್ತುವುದೂ ನೆಗೆಯುವುದೂ ಅದರ ಹುಟ್ಟುಗುಣ. 2025ರ ಆಗಸ್ಟ್‌ನಲ್ಲಿ ಜೀಪಿನ ಕಿಟಕಿಗೆ ಎಗರಿದ ಚಿರತೆ ಬಾಲಕನೊಬ್ಬನ ಕೈ ಪರಚಿತ್ತು. ಜಾಲರಿ ಇದ್ದರೂ ಅದರ ಕಿಂಡಿಯಲ್ಲಿ ಬೆರಳು, ಮೊಬೈಲು ತೂರಿಸಬೇಡಿ. ಮಗುವನ್ನು ಕಿಟಕಿಯ ಪಕ್ಕ ಬಿಡದೆ ನೀವು ಕೂರಿ.